ಮನೆಯಲ್ಲಿ ಆರ್ಕ್ ರಕ್ಷಣೆ ಎಲ್ಲೆಲ್ಲಿ ಬೇಕು? ರಾಯಚೂರು ಸೀಮೆಯ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರಿನಲ್ಲಿ ಮನೆ ವೈರಿಂಗ್ ಮಾಡುವುದು ನನ್ನ ಕಸುಬು. ಶಿವ ಶಿವಾ ಎಂದು ಚಳಿ ಹೋದ ಮೇಲೆ ನನಗೆ ಬರುವ ಫೋನುಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ಕೇಳುತ್ತದೆ. "ಸ್ವಿಚ್ ಬೋರ್ಡ್‌ನಲ್ಲಿ ಚರ್ ಚರ್ ಅಂತಿದೆ, ಸುಟ್ಟ ವಾಸನೆ ಬರ್ತಿದೆ, ಆದರೆ ಎಂಸಿಬಿ ಬಿದ್ದಿಲ್ಲ." ಬೋರ್ಡ್ ಬಿಚ್ಚಿ ನೋಡಿದರೆ ಒಳಗೆ ಕರಿ ಹಿಡಿದ ವೈರು, ಕರಗಿದ ಸಾಕೆಟ್ಟು. ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್ಚು ಎಂಸಿಬಿ. ಅದು ಯಾಕೆ ಬೀಳಲಿಲ್ಲ ಅನ್ನುವುದರಿಂದ ಶುರುವಾದ ಮಾತು ಆರ್ಕ್ ರಕ್ಷಣೆಯವರೆಗೆ ಹೋಗುತ್ತದೆ. ಮನೆಯವರಿಗೆ ಬಾಯಲ್ಲಿ ಹೇಳುತ್ತಾ ಬಂದದ್ದನ್ನು ಇಲ್ಲಿ ಬರೆದಿದ್ದೇನೆ.

ಆರ್ಕ್ ಅಂದರೆ ಏನು? ಶಾರ್ಟ್ ಸರ್ಕ್ಯೂಟ್ ಅಂತಾರಲ್ಲ, ಅದೇನಾ?

ಶಾರ್ಟ್ ಸರ್ಕ್ಯೂಟ್ ಬೇರೆ, ಆರ್ಕ್ ಬೇರೆ. ಫೇಸ್ ಮತ್ತು ನ್ಯೂಟ್ರಲ್ ಗಟ್ಟಿಯಾಗಿ ಮುಟ್ಟಿಕೊಂಡರೆ ಶಾರ್ಟ್. ಆಗ ಭಾರಿ ಕರೆಂಟ್ ಹರಿದು ಎಂಸಿಬಿ ತಟ್ಟನೆ ಬೀಳುತ್ತದೆ. ಆರ್ಕ್ ಅಂದರೆ ಸಣ್ಣ ಸಂದಿನಲ್ಲಿ ಕರೆಂಟ್ ಗಾಳಿಯಲ್ಲೇ ಹಾಯುವುದು. ಕಣ್ಣಿಗೆ ಕಿಡಿಯಾಗಿ ಕಾಣುತ್ತದೆ, ಕಿವಿಗೆ ಚರಚರ ಸದ್ದಾಗಿ ಕೇಳುತ್ತದೆ. ಆ ಸಂದಿನ ಬಿಸಿ ಸಾವಿರಾರು ಡಿಗ್ರಿ ಮುಟ್ಟುತ್ತದೆ. ಪಿವಿಸಿ ಸುಟ್ಟು ಇದ್ದಿಲಿನಂತೆ ಕಪ್ಪಾಗುತ್ತದೆ. ಆ ಇದ್ದಿಲಿನ ಮೇಲೂ ಕರೆಂಟ್ ಹರಿಯುತ್ತದೆ, ಹಾಗಾಗಿ ಒಮ್ಮೆ ಶುರುವಾದ ಜಾಗದಲ್ಲಿ ಕಿಡಿ ಸುಲಭವಾಗಿ ನಿಲ್ಲುವುದಿಲ್ಲ.

ಇದರಲ್ಲಿ ಎರಡು ಬಗೆ ಇವೆ. ಒಂದೇ ವೈರು ಅರ್ಧ ತುಂಡಾಗಿ ಅಥವಾ ಸ್ಕ್ರೂ ಸಡಿಲವಾಗಿ ಅಲ್ಲೇ ಕಿಡಿ ಹಾಯ್ದರೆ ಅದು ಸರಣಿ ಆರ್ಕ್. ಫೇಸ್‌ನಿಂದ ನ್ಯೂಟ್ರಲ್‌ಗೋ ಅರ್ಥ್‌ಗೋ ಹಾಯ್ದರೆ ಸಮಾಂತರ ಆರ್ಕ್. ಇಲಿ ಕಡಿದ ವೈರು, ಮೊಳೆ ಹೊಕ್ಕ ಪೈಪು, ಮಂಚದ ಕಾಲಿಗೆ ಸಿಕ್ಕಿ ಜಜ್ಜಿದ ಎಕ್ಸ್‌ಟೆನ್ಶನ್ ವೈರು ಇವುಗಳಿಂದ ಎರಡನೆಯದು ಜಾಸ್ತಿ.

ಒಳ್ಳೆ ಎಂಸಿಬಿ ಹಾಕಿಸಿದ್ದೇವೆ. ಅದು ಯಾಕೆ ಬೀಳುವುದಿಲ್ಲ?

ಎಂಸಿಬಿ ನೋಡುವುದು ಒಂದನ್ನೇ: ಕರೆಂಟ್ ಎಷ್ಟು ಹರಿಯುತ್ತಿದೆ ಎಂಬುದು. 2000 ವ್ಯಾಟ್ ಗೀಸರ್ ತೆಗೆದುಕೊಳ್ಳಿ. 230 ವೋಲ್ಟ್‌ಗೆ ಅದು ಎಳೆಯುವುದು ಸುಮಾರು 8.7 ಆಂಪಿಯರ್. ಅದರ ಸಾಕೆಟ್ ಸ್ಕ್ರೂ ಸಡಿಲಾಗಿ ಕಿಡಿ ಹಾಯುತ್ತಿದ್ದರೆ, ಹರಿಯುವ ಕರೆಂಟ್ ಆಗಲೂ ಅಷ್ಟೇ, ಇಲ್ಲವೇ ಸ್ವಲ್ಪ ಕಡಿಮೆ. ಅಲ್ಲಿರುವುದು 16 ಆಂಪಿಯರ್ ಎಂಸಿಬಿ. ಅದರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿದೆ. ಗೋಡೆಯೊಳಗೆ ಸಾಕೆಟ್ ಉರಿಯುತ್ತಿದ್ದರೂ ಅದಕ್ಕೆ ತಿಳಿಯುವ ದಾರಿಯೇ ಇಲ್ಲ.

ಸಮಾಂತರ ಆರ್ಕ್‌ನಲ್ಲಿ ಕರೆಂಟ್ ಜಾಸ್ತಿಯಾದರೂ ಸಮಸ್ಯೆ ಇದೆ. ಸಿ ಬಗೆಯ 16 ಆಂಪಿಯರ್ ಎಂಸಿಬಿ ಕ್ಷಣದಲ್ಲಿ ಬೀಳಬೇಕಾದರೆ ಅದರ 5ರಿಂದ 10 ಪಟ್ಟು, ಅಂದರೆ 80ರಿಂದ 160 ಆಂಪಿಯರ್ ಬೇಕು. ಕಿಡಿ ಬಿಟ್ಟು ಬಿಟ್ಟು ಹಾಯುವಾಗ ಅಷ್ಟು ಕರೆಂಟ್ ಒಂದೇ ಸಮ ಹರಿಯುವುದಿಲ್ಲ. ಬಿ ಬಗೆಯದು 3ರಿಂದ 5 ಪಟ್ಟಿಗೆ ಬೀಳುತ್ತದೆ. ಲೈಟು, ಸಾಮಾನ್ಯ ಸಾಕೆಟ್ಟುಗಳ ಸಾಲಿಗೆ (ಸಾಲು ಅಂದರೆ ಒಂದು ಎಂಸಿಬಿಯಿಂದ ಹೊರಡುವ ವೈರಿಂಗ್) ನಾನು ಬಿ ಬಗೆಯದನ್ನೇ ಕೇಳುತ್ತೇನೆ. ಅಂಗಡಿಯವರು ರೂಢಿಯ ಮೇಲೆ ಸಿ ಕೊಡುತ್ತಾರೆ, ಡಬ್ಬಿಯ ಮೇಲೆ ಓದಿ ತೆಗೆದುಕೊಳ್ಳಿ.

ಆರ್‌ಸಿಸಿಬಿ ಇದೆ. ಅದು ಸಾಲುವುದಿಲ್ಲವೇ?

ಆರ್‌ಸಿಸಿಬಿ ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಎಂದು ನೋಡುತ್ತದೆ. ಮೈಗೆ ಶಾಕ್ ಹೊಡೆದಾಗ, ಅರ್ಥ್‌ಗೆ ಸೋರಿದಾಗ ಬೀಳುತ್ತದೆ. ಫೇಸ್‌ನಿಂದ ಅರ್ಥ್‌ಗೆ ಕಿಡಿ ಹಾಯ್ದರೆ ಅದೂ ಹಿಡಿಯುತ್ತದೆ. ಆದರೆ ಸಡಿಲ ಸ್ಕ್ರೂನ ಕಿಡಿಯಲ್ಲಿ ಸೋರಿಕೆಯೇ ಇಲ್ಲ. ಹೋದದ್ದೆಲ್ಲ ವಾಪಸ್ ಬರುತ್ತದೆ. ಆರ್‌ಸಿಸಿಬಿ ಸುಮ್ನೆ ಕೂತಿರುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮನೆಯಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇನ್ನೂ ಇಲ್ಲದಿದ್ದರೆ ಆರ್ಕ್ ರಕ್ಷಣೆಯ ಮಾತು ಆಮೇಲೆ. ಮೊದಲು ಅದನ್ನು ಹಾಕಿಸಿ, ಅರ್ಥಿಂಗ್ ಸರಿ ಮಾಡಿಸಿ. ಪ್ರಾಣ ಉಳಿಸುವುದರಲ್ಲಿ ಅದಕ್ಕೇ ಮೊದಲ ಸ್ಥಾನ.

ಹಾಗಾದರೆ ಆರ್ಕ್ ಹಿಡಿಯುವ ಸಾಧನ ಯಾವುದು? ಅದು ಹೇಗೆ ಕೆಲಸ ಮಾಡುತ್ತದೆ?

ಅಮೆರಿಕ, ಕೆನಡಾದಲ್ಲಿ ಅದನ್ನು ಎಎಫ್‌ಸಿಐ ಎನ್ನುತ್ತಾರೆ. ಯುರೋಪಿನಲ್ಲಿ, ನಮ್ಮ ಅಂಗಡಿಗಳಲ್ಲಿ ಎಎಫ್‌ಡಿಡಿ ಎನ್ನುತ್ತಾರೆ. ಹೆಸರು ಬೇರೆಯಾದರೂ ಕೆಲಸ ಒಂದೇ. ಎಂಸಿಬಿಗಳೆಲ್ಲ ಕೂರುವ ಡಿಬಿ ಬಾಕ್ಸಿನಲ್ಲಿ, ಎಂಸಿಬಿ ಪಕ್ಕದಲ್ಲಿ ಅಥವಾ ಎಂಸಿಬಿಯನ್ನೇ ಒಳಗೊಂಡು ಕೂರುತ್ತದೆ.

ನಮ್ಮ ಕರೆಂಟ್ 50 ಹರ್ಟ್ಜ್. ಅಂದರೆ ಅಲೆ ಸೆಕೆಂಡಿಗೆ 100 ಸಲ ಸೊನ್ನೆಯನ್ನು ದಾಟುತ್ತದೆ. ಕಿಡಿ ಇದ್ದಾಗ ಪ್ರತಿ ಸಲ ಸೊನ್ನೆಯ ಹತ್ತಿರ ಅದು ಆರುತ್ತದೆ, ಮತ್ತೆ ಹತ್ತುತ್ತದೆ. ಜೊತೆಗೆ ರೇಡಿಯೊದಲ್ಲಿ ಗರಗರ ಬಂದ ಹಾಗೆ ಮೇಲಿನ ಕಂಪನಗಳ ಗದ್ದಲ ಏಳುತ್ತದೆ. ಸಾಧನದೊಳಗಿನ ಚಿಪ್ಪು ಈ ಎರಡು ಗುರುತನ್ನೂ ಹುಡುಕುತ್ತಾ ಇರುತ್ತದೆ. ಗುರುತು ಸಿಕ್ಕಿ, ಒಂದಿಷ್ಟು ಹೊತ್ತು ಮುಂದುವರಿದರೆ ಲೈನ್ ಕಡಿಯುತ್ತದೆ.

ಎಷ್ಟು ಹೊತ್ತು ಎನ್ನುವುದಕ್ಕೆ ಅಳತೆ ಇದೆ. ಐಇಸಿ 62606 ಎಂಬ ಅಂತರರಾಷ್ಟ್ರೀಯ ಮಾನಕ 2013ರಲ್ಲಿ ಬಂತು. 230 ವೋಲ್ಟ್‌ನಲ್ಲಿ ಸರಣಿ ಆರ್ಕ್ 2.5 ಆಂಪಿಯರ್ ಇದ್ದರೆ 1 ಸೆಕೆಂಡಿನೊಳಗೆ ಕಡಿಯಬೇಕು. 5 ಆಂಪಿಯರ್ ಆದರೆ 0.5, 10 ಆದರೆ 0.25, 16 ಆದರೆ 0.15 ಸೆಕೆಂಡು. ಕಿಡಿ ಬಲವಾದಷ್ಟೂ ಬೇಗ ಕಡಿಯಬೇಕು ಎನ್ನುವುದೇ ಇದರ ತಿರುಳು. 2.5 ಆಂಪಿಯರ್ ಎನ್ನುವ ಆ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಕೂಲರ್ ಮಾತು ಬಂದಾಗ ಬೇಕಾಗುತ್ತದೆ.

ಅಮೆರಿಕದ ಸಂಹಿತೆ ಯಾವ ಯಾವ ಕೋಣೆಗೆ ಇದನ್ನು ಕಡ್ಡಾಯ ಮಾಡಿದೆ?

ಮೊದಲು ಕಡ್ಡಾಯ ಮಾಡಿದ್ದು ಅವರೇ. ಅಲ್ಲಿನ ವಿದ್ಯುತ್ ಸಂಹಿತೆಯನ್ನು 3 ವರ್ಷಕ್ಕೊಮ್ಮೆ ತಿದ್ದುತ್ತಾರೆ. 1999ರ ಆವೃತ್ತಿಯಲ್ಲಿ ಮಲಗುವ ಕೋಣೆಯ ಸಾಕೆಟ್ಟುಗಳಿಗೆ ಬೇಕು ಎಂದು ಬರೆದರು. ಅದು ಜಾರಿಯಾದದ್ದು 2002ರ ಜನವರಿ 1ರಿಂದ. 2002ರ ಆವೃತ್ತಿಯಲ್ಲಿ ಮಲಗುವ ಕೋಣೆಯ ಲೈಟ್ ಪಾಯಿಂಟುಗಳೂ ಸೇರಿದವು. 2008ರಲ್ಲಿ ದೊಡ್ಡ ಹೆಜ್ಜೆ ಇಟ್ಟರು: ಹಾಲ್, ಊಟದ ಕೋಣೆ, ಓದುವ ಕೋಣೆ, ಬಟ್ಟೆ ಇಡುವ ಗೂಡು, ನಡುವಿನ ಓಣಿ ಹೀಗೆ ಜನ ಓಡಾಡುವ, ಕೂರುವ ಜಾಗವೆಲ್ಲ ಸೇರಿತು. 2014ರಲ್ಲಿ ಅಡುಗೆಮನೆ ಮತ್ತು ಬಟ್ಟೆ ಒಗೆಯುವ ಜಾಗ ಬಂದವು. 2017ರಲ್ಲಿ ಹೋಟೆಲ್ ಕೋಣೆಗಳು. ಅಲ್ಲಿನ 120 ವೋಲ್ಟಿನ 15 ಮತ್ತು 20 ಆಂಪಿಯರ್ ಸಾಲುಗಳಿಗೆ ಇದು ಅನ್ವಯ.

ಶುರು ಮಾಡಿದ್ದು ಮಲಗುವ ಕೋಣೆಯಿಂದ. ಎಚ್ಚರ ಇದ್ದವನಿಗೆ ವಾಸನೆ ಬರುತ್ತದೆ, ಸದ್ದು ಕೇಳುತ್ತದೆ, ಎದ್ದು ಮೇನ್ ಆಫ್ ಮಾಡುತ್ತಾನೆ. ನಿದ್ದೆಯಲ್ಲಿರುವವನಿಗೆ ಆ ಅವಕಾಶ ಇಲ್ಲ. ಮೊದಲ ಸಾಧನವನ್ನು ಎಲ್ಲಿ ಹಾಕಬೇಕು ಎಂದು ಕೇಳುವವರಿಗೆ ನಾನು ಕೊಡುವ ಕಾರಣವೂ ಇದೇ.

ಯಾವ ಜಾಗವನ್ನು ಅವರು ಬಿಟ್ಟಿದ್ದಾರೆ?

ಬಚ್ಚಲುಮನೆ, ಗ್ಯಾರೇಜು, ಹೊರಗಿನ ಅಂಗಳ ಆ ಪಟ್ಟಿಯಲ್ಲಿ ಇಲ್ಲ. ಅಲ್ಲಿ ನೀರಿನ ಭಯ ಜಾಸ್ತಿ, ಹಾಗಾಗಿ ಸೋರಿಕೆ ರಕ್ಷಣೆಯನ್ನು ಕೇಳುತ್ತಾರೆ. ಅಡುಗೆಮನೆಗೆ ಎರಡೂ ಬೇಕು.

ಹಳೆಯ ಮನೆಗೂ ಅಲ್ಲಿ ಕಡ್ಡಾಯವೇ?

ಹಳೆಯ ಮನೆಯವರು ಸುಮ್ನೆ ಇದ್ದರೆ ಯಾರೂ ಬಂದು ಹಾಕಿಸಿ ಅನ್ನುವುದಿಲ್ಲ. ಆದರೆ ಆ ಪಟ್ಟಿಯ ಕೋಣೆಗಳಲ್ಲಿ ಸಾಲನ್ನು ಬದಲಿಸಿದರೆ, ಮುಂದಕ್ಕೆ ಎಳೆದರೆ ಹಾಕಬೇಕು. ವೈರನ್ನು ಸುಮಾರು 1.8 ಮೀಟರ್‌ಗಿಂತ ಹೆಚ್ಚು ಉದ್ದ ಮಾಡದೆ, ಹೊಸ ಪಾಯಿಂಟ್ ಕೊಡದೆ ಇದ್ದರೆ ವಿನಾಯಿತಿ ಇದೆ. ಹಳೆಯ ಮನೆಗೆ ಹೊಸ ಸಾಲು ಎಳೆಯುವಾಗಲೇ ಸುಧಾರಣೆ ಮಾಡಿಸುವ ಈ ದಾರಿ ನಮ್ಮ ಕಡೆಗೂ ಚೆನ್ನಾಗಿ ಒಗ್ಗುತ್ತದೆ.

ಬೇರೆ ದೇಶಗಳಲ್ಲಿ?

ಬ್ರಿಟನ್‌ನಲ್ಲಿ ಎಲ್ಲ ಮನೆಗೂ ಇಲ್ಲ. ಅಲ್ಲಿನ ಬಿಎಸ್ 7671 ನಿಯಮಕ್ಕೆ 2022ರಲ್ಲಿ ತಿದ್ದುಪಡಿ ಬಂದು, ಎತ್ತರದ ವಸತಿ ಕಟ್ಟಡಗಳು, ಹಲವು ಕುಟುಂಬ ಹಂಚಿಕೊಂಡಿರುವ ಬಾಡಿಗೆ ಮನೆಗಳು, ವಿದ್ಯಾರ್ಥಿಗಳ ವಸತಿ, ವೃದ್ಧರ ಆರೈಕೆ ಮನೆಗಳು ಈ ನಾಲ್ಕು ಕಡೆ 32 ಆಂಪಿಯರ್‌ವರೆಗಿನ ಸಾಕೆಟ್ ಸಾಲುಗಳಿಗೆ ಕಡ್ಡಾಯವಾಯಿತು. ಉಳಿದ ಮನೆಗಳಿಗೆ ಶಿಫಾರಸು ಮಾತ್ರ. ಬೆಂಕಿ ಬಿದ್ದರೆ ಬೇಗ ಹೊರಗೆ ಬರಲಾಗದ ಜನ ಇರುವ ಕಡೆ ಕಡ್ಡಾಯ ಮಾಡಿದ್ದಾರೆ, ನೋಡಿ. ಜರ್ಮನಿ 2016ರಲ್ಲಿ ಕೆಲವು ಕಡೆ ಕಡ್ಡಾಯ ಮಾಡಿ, 2019ರಲ್ಲಿ ಅಪಾಯ ಅಳೆದು ತೀರ್ಮಾನಿಸಿ ಎಂದು ಸಡಿಲ ಮಾಡಿತು.

ಅಂತರರಾಷ್ಟ್ರೀಯ ಮಾನಕ ಏನು ಹೇಳುತ್ತದೆ? ನಮ್ಮ ಕಡೆಯ ಮನೆಗಳಿಗೆ ಅದು ಹೊಂದುತ್ತದೆಯೇ?

ನನಗೆ ತುಂಬಾ ಮುಖ್ಯ ಎನಿಸುವುದು ಇದೇ. ಕಟ್ಟಡಗಳ ವೈರಿಂಗ್ ಕುರಿತ ಐಇಸಿ 60364 ಸರಣಿಯ ಬೆಂಕಿ ರಕ್ಷಣೆಯ ಭಾಗವನ್ನು 2014ರಲ್ಲಿ ತಿದ್ದಿದಾಗ, ಆರ್ಕ್ ರಕ್ಷಣೆ ಎಲ್ಲಿ ಇದ್ದರೆ ಒಳ್ಳೆಯದು ಎಂದು ಜಾಗಗಳನ್ನು ಹೆಸರಿಸಿ ಶಿಫಾರಸು ಮಾಡಿದರು. ಜನ ಮಲಗುವ ಕಟ್ಟಡಗಳು. ಬೇಗ ಹೊತ್ತಿಕೊಳ್ಳುವ ಸಾಮಾನು ಇಟ್ಟಿರುವ ಅಥವಾ ಅದರ ಕೆಲಸ ನಡೆಯುವ ಜಾಗ, ಅಂದರೆ ಕಣಜ, ಬಡಗಿ ಕೆಲಸದ ಶೆಡ್ಡು, ಉಗ್ರಾಣ. ಮರದಂಥ ಉರಿಯುವ ವಸ್ತುವಿನಿಂದ ಕಟ್ಟಿದ ಮನೆ. ಬೆಂಕಿ ಸುಲಭವಾಗಿ ಹರಡುವ ಕಟ್ಟಡ. ಮತ್ತೆ ಸಿಗದ ವಸ್ತುಗಳನ್ನು ಇಟ್ಟಿರುವ ಮ್ಯೂಸಿಯಂನಂಥ ಜಾಗ.

ಈ ಪಟ್ಟಿ ಹಿಡಿದು ನಮ್ಮ ಸೀಮೆಯಲ್ಲಿ ಒಂದು ಸುತ್ತು ಹಾಕಿ. ರಾಯಚೂರು, ಮಾನ್ವಿ, ಸಿರವಾರ ಕಡೆ ಹತ್ತಿ ಬಿಡಿಸಿ ತಂದು, ಗಂಜ್‌ನಲ್ಲಿ ಒಳ್ಳೆ ರೇಟು ಬರಲಿ ಎಂದು ಪಡಸಾಲೆಯಲ್ಲೋ ಮಲಗುವ ಕೋಣೆಯಲ್ಲೋ ಒಟ್ಟುತ್ತಾರೆ. ಮಾನಕದ ಮಾತಿನಲ್ಲಿ ಆ ಕೋಣೆ ಎರಡು ಸಲ ಪಟ್ಟಿಗೆ ಬರುತ್ತದೆ: ಜನ ಮಲಗುವ ಜಾಗ, ಬೇಗ ಹೊತ್ತುವ ಸಾಮಾನಿನ ಜಾಗ. ಬಳ್ಳಾರಿಯಲ್ಲಿ ಎಷ್ಟೋ ಮನೆಗಳಲ್ಲಿ ಜೀನ್ಸ್ ಹೊಲಿಯುವ ಮಿಷನ್ನುಗಳಿವೆ. ಬಟ್ಟೆ ರಾಶಿ, ನೂಲಿನ ಜುಂಗು, ಒಂದೇ ಸಾಕೆಟ್ಟಿಗೆ ನಾಲ್ಕು ಪ್ಲಗ್ಗು. ಕೊಪ್ಪಳದ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವವರ ಮನೆಯಲ್ಲಿ ಹಗುರ ಮರ, ಬಣ್ಣ, ಹೊಟ್ಟು. ಹಳ್ಳಿಗಳ ಹಳೆಯ ಮಾಳಿಗೆ ಮನೆಗಳಲ್ಲಿ ಮರದ ತೊಲೆ, ಜಂತಿ, ಅದರ ಮೇಲೆ ಮಣ್ಣು. ಆ ತೊಲೆಗೇ ಮೊಳೆ ಹೊಡೆದು ವೈರು ಎಳೆದಿರುತ್ತಾರೆ. ಎಲ್ಲೋ ದೂರದಲ್ಲಿ ಬರೆದ ಪಟ್ಟಿ ನಮ್ಮ ಮನೆಗಳನ್ನೇ ನೋಡಿ ಬರೆದಂತಿದೆ, ಅಲ್ವಾ?

ನಮ್ಮ ಅಣ್ಣನ ಮನೆಯ ಮಾತು ಹೇಳುತ್ತೇನೆ. ಒಂದು ವರ್ಷ ಹತ್ತಿ ಸ್ವಿಚ್ ಬೋರ್ಡ್ ಮುಚ್ಚುವಷ್ಟು ಎತ್ತರಕ್ಕೆ ಒಟ್ಟಿದ್ದರು. ನಾನು ಹಬ್ಬಕ್ಕೆ ಹೋದಾಗ ಕೋಣೆಯಲ್ಲಿ ಒಂಥರಾ ಮೀನು ಹುರಿದ ವಾಸನೆ. ಆ ಮನೆಯಲ್ಲಿ ಮೀನು ಮಾಡುವುದೇ ಇಲ್ಲ. ಮೇನ್ ಆಫ್ ಮಾಡಿ ಹತ್ತಿ ಸರಿಸಿದರೆ, ಬೋರ್ಡಿನ ಕೆಳಗಿನ ಹತ್ತಿ ಅಂಗೈ ಅಗಲ ಕಂದು ಬಣ್ಣಕ್ಕೆ ತಿರುಗಿತ್ತು. ಇಸ್ತ್ರಿ ಪೆಟ್ಟಿಗೆ ಚುಚ್ಚುವ ಸಾಕೆಟ್ಟಿನ ಹಿಂದೆ ಸ್ಕ್ರೂ ಸಡಿಲವಾಗಿ ವೈರು ಕರಗಿತ್ತು. ಎಂಸಿಬಿ ಮೇಲೆಯೇ ಇತ್ತು. ಅದೇ ಕೋಣೆಯಲ್ಲಿ ಹಿಂದಿನ ರಾತ್ರಿ ಇಬ್ಬರು ಮಕ್ಕಳು ಮಲಗಿದ್ದರು. ಅವತ್ತಿನಿಂದ ನಾನು ಈ ವಿಷಯವನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ನಮ್ಮ ದೇಶದಲ್ಲಿ ಇದು ಕಡ್ಡಾಯವೇ? ಜೆಸ್ಕಾಂನವರು ಮೀಟರ್ ಕೊಡುವಾಗ ಕೇಳುತ್ತಾರಾ?

ನಾನು ವೈರಿಂಗ್ ಮುಗಿಸಿ ರಿಪೋರ್ಟ್ ಕೊಟ್ಟ ಯಾವ ಮನೆಗೂ ಆರ್ಕ್ ಸಾಧನ ಇದೆಯಾ ಎಂದು ಯಾರೂ ಕೇಳಿಲ್ಲ. ಕೇಳುವುದು ಅರ್ಥಿಂಗ್ ಮತ್ತು ಸೋರಿಕೆ ರಕ್ಷಣೆಯನ್ನು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದವು, ಅವುಗಳ ಜಾಗಕ್ಕೆ 2023ರಲ್ಲಿ ಹೊಸವು ಬಂದವು. ವೈರಿಂಗ್ ಹೇಗಿರಬೇಕು ಎನ್ನಲು ಐಎಸ್ 732 ಇದೆ. ಅದನ್ನು 2019ರಲ್ಲಿ ತಿದ್ದಿದಾಗ ಐಇಸಿ 60364ರ ಹಾದಿಯನ್ನೇ ಹಿಡಿದರು. 2023ರಲ್ಲಿ ರಾಷ್ಟ್ರೀಯ ವಿದ್ಯುತ್ ಸಂಹಿತೆಯ ಹೊಸ ಆವೃತ್ತಿಯೂ ಬಂತು.

ಯಾರಾದರೂ ಕೇಳುವವರೆಗೆ ಕಾಯಬೇಕಾಗಿಲ್ಲ. ಹೊಸ ಮನೆ ಕಟ್ಟುವವರಿಗೆ ನಾನು ಹೇಳುವುದು ಇಷ್ಟೇ: ಗ್ರಾನೈಟ್‌ಗೆ, ಫಾಲ್ ಸೀಲಿಂಗ್‌ಗೆ ಲೆಕ್ಕ ಹಾಕುವಾಗಲೇ ಡಿಬಿ ಬಾಕ್ಸಿಗೂ ಲೆಕ್ಕ ಹಾಕಿ.

ಎರಡು ಸಾಧನಕ್ಕೆ ಮಾತ್ರ ದುಡ್ಡಿದೆ. ಎಲ್ಲಿ ಹಾಕಲಿ?

ಒಂದು ಮಲಗುವ ಕೋಣೆಗಳ ಸಾಕೆಟ್ ಸಾಲಿಗೆ. ಮಕ್ಕಳು, ವಯಸ್ಸಾದವರು, ಹಾಸಿಗೆ ಹಿಡಿದವರು ಮಲಗುವ ಕೋಣೆ ಮೊದಲು. ಇನ್ನೊಂದು ಹತ್ತಿ, ಬಟ್ಟೆ, ಹೊಟ್ಟು, ಪುಸ್ತಕ ಹೀಗೆ ಬೇಗ ಹೊತ್ತುವುದನ್ನು ಇಡುವ ಕೋಣೆಯ ಸಾಲಿಗೆ. ಅಂಥ ಕೋಣೆ ಇಲ್ಲದಿದ್ದರೆ ಇಸ್ತ್ರಿ ಪೆಟ್ಟಿಗೆ, ಎಸಿಯಂಥ ಭಾರಿ ಸಾಮಾನು ಓಡುವ 16 ಆಂಪಿಯರ್ ಸಾಲಿಗೆ ಹಾಕಿ. ಅಡುಗೆಮನೆ ನನ್ನ ಲೆಕ್ಕದಲ್ಲಿ ಮೂರನೆಯದು, ಯಾಕೆಂದರೆ ಅಲ್ಲಿ ಕರೆಂಟ್ ಓಡುವಾಗ ಸಾಮಾನ್ಯವಾಗಿ ಯಾರಾದರೂ ಎದುರಿಗೆ ನಿಂತಿರುತ್ತಾರೆ.

ಇಡೀ ಮನೆಗೆ ಮೇನ್‌ನಲ್ಲಿ ಒಂದೇ ಹಾಕಿದರೆ ಆಗುವುದಿಲ್ಲವೇ?

ಆಗುವುದಿಲ್ಲ ಎಂದೇ ತಿಳಿಯಿರಿ. ಒಂದೊಂದು ಸಾಲಿನ ಆರಂಭದಲ್ಲಿ ಒಂದೊಂದು ಇರಬೇಕು ಎಂದೇ ಮಾನಕ ಹೇಳುತ್ತದೆ. ಹತ್ತು ಸಾಮಾನು ಒಟ್ಟಿಗೆ ಓಡುವಾಗ ಅವುಗಳ ಗದ್ದಲದಲ್ಲಿ ಸಣ್ಣ ಕಿಡಿಯ ಗುರುತು ಮುಚ್ಚಿಹೋಗುತ್ತದೆ. ಅದು ಬಿದ್ದರೂ ಇಡೀ ಮನೆ ಕತ್ತಲಾಗುತ್ತದೆ, ತೊಂದರೆ ಯಾವ ಕೋಣೆಯಲ್ಲಿ ಎಂದು ಹುಡುಕಬೇಕಾಗುತ್ತದೆ.

ನಮ್ಮ ಮನೆಯಲ್ಲಿ ಸುಡುವುದು ಕೂಲರ್ ಪ್ಲಗ್ಗೇ. ಇದು ಅದನ್ನು ಕಾಯುತ್ತದೆಯೇ?

ಪೂರ್ತಿ ಕಾಯುವುದಿಲ್ಲ. ಇದನ್ನು ಬಿಚ್ಚಿ ಹೇಳಲೇಬೇಕು. 200 ವ್ಯಾಟಿನ ಕೂಲರ್ ಎಳೆಯುವುದು 1 ಆಂಪಿಯರ್‌ಗಿಂತ ಕಡಿಮೆ. ಮಾನಕದ ಪರೀಕ್ಷೆ ಶುರುವಾಗುವುದು 2.5 ಆಂಪಿಯರ್‌ನಿಂದ, ಅಂದರೆ ಸುಮಾರು 575 ವ್ಯಾಟ್‌ನಿಂದ. ಅದಕ್ಕಿಂತ ಕಡಿಮೆ ಕರೆಂಟಿನ ಸಡಿಲ ಪ್ಲಗ್ಗಿನ ಕಿಡಿಯನ್ನು ಸಾಧನ ಹಿಡಿಯಲೇಬೇಕು ಎಂದೇನೂ ಇಲ್ಲ. ಕೂಲರ್ ವೈರು ಕಿಟಕಿ ಸಂದಿನಲ್ಲಿ ಜಜ್ಜಿ ಫೇಸ್‌ನಿಂದ ನ್ಯೂಟ್ರಲ್‌ಗೆ ಕಿಡಿ ಹಾಯ್ದರೆ ಅದನ್ನು ಹಿಡಿಯುತ್ತದೆ. ಇಸ್ತ್ರಿ ಪೆಟ್ಟಿಗೆ, ಗೀಸರ್, ಎಸಿ, ನೀರು ಕಾಯಿಸುವ ರಾಡ್ ಇವೆಲ್ಲ 2.5 ಆಂಪಿಯರ್ ದಾಟುತ್ತವೆ, ಅವುಗಳ ಸಾಕೆಟ್ಟಿಗೆ ಒಳ್ಳೆ ಕಾವಲು.

ಕೂಲರ್‌ಗೆ ಮದ್ದು ಬೇರೆ. ಅಟ್ಟದಿಂದ ಇಳಿಸಿದ ಕೂಡಲೇ ಚುಚ್ಚಬೇಡಿ. ಪ್ಲಗ್ ಬಿಚ್ಚಿ ಸ್ಕ್ರೂ ಬಿಗಿ ಮಾಡಿ, ಒಣಗಿ ಬಿರುಕು ಬಿಟ್ಟ ವೈರು ಬದಲಿಸಿ, ಪಿನ್ನು ಸಡಿಲವಾಗಿ ಅಲ್ಲಾಡುವ ಸಾಕೆಟ್ ತೆಗೆದುಹಾಕಿ. ಕೂಲರ್ ಬಾಡಿಗೆ ಅರ್ಥ್ ಬೇಕೇ ಬೇಕು. ಎರಡು ಪಿನ್ನಿನ ಪ್ಲಗ್ ಹಾಕಿ ಓಡಿಸಬೇಡಿ. ನೀರು, ತಗಡು, ಬರಿಗಾಲು ಮೂರೂ ಸೇರುವ ಜಾಗ ಅದು.

ಲೂಸ್ ಕನೆಕ್ಷನ್ ಎಲ್ಲವನ್ನೂ ಇದು ಹಿಡಿಯುತ್ತದೆ ಅಂದುಕೊಳ್ಳಬಹುದೇ?

ಬೇಡ. ಕೆಲವು ಸಡಿಲ ಜಾಯಿಂಟು ಕಿಡಿ ಹಾರಿಸದೆ ಸುಮ್ನೆ ಕೆಂಡದಂತೆ ಕಾಯುತ್ತದೆ. ಅದರಲ್ಲಿ ಆರ್ಕ್‌ನ ಗುರುತು ಇರುವುದಿಲ್ಲ, ಸಾಧನಕ್ಕೆ ಕಾಣುವುದಿಲ್ಲ. ಕಂಬದಿಂದ ಮೀಟರ್‌ವರೆಗಿನ ಸರ್ವಿಸ್ ವೈರು, ಮೀಟರ್ ಬೋರ್ಡು ಇವು ಸಾಧನಕ್ಕಿಂತ ಮೊದಲೇ ಬರುವುದರಿಂದ ಅಲ್ಲಿನ ಕಿಡಿಯೂ ಇದರ ಕೈಗೆ ಸಿಗದು.

ಹಾಗಾಗಿ ಕೈಯಲ್ಲಿ ಮಾಡುವ ಕೆಲಸ ತಪ್ಪುವುದಿಲ್ಲ. ವರ್ಷಕ್ಕೊಮ್ಮೆ, ಬೇಸಿಗೆ ಬಿಸಿ ಏರುವ ಮುನ್ನ, ಮೇನ್ ಆಫ್ ಮಾಡಿ ಡಿಬಿ ಮತ್ತು 16 ಆಂಪಿಯರ್ ಸಾಕೆಟ್ಟುಗಳ ಸ್ಕ್ರೂ ಬಿಗಿ ಮಾಡಿಸಿ. ಟೇಪ್ ಸುತ್ತಿದ ಜಾಯಿಂಟ್ ಗೋಡೆಯೊಳಗೆ ಇರಕೂಡದು. ಜಾಯಿಂಟ್ ಬೇಕೇ ಬೇಕಾದರೆ ಬಾಕ್ಸಿನಲ್ಲಿ, ಕನೆಕ್ಟರ್ ಹಾಕಿ, ಬಿಚ್ಚಿ ನೋಡುವಂತೆ ಇರಲಿ.

ಹಳೆಯ ವೈರಿಂಗ್‌ಗೆ ಹಾಕಬಹುದೇ?

ಹಾಕಬಹುದು, ಆದರೆ ನ್ಯೂಟ್ರಲ್ ನೋಡಿಕೊಳ್ಳಬೇಕು. ಆರ್ಕ್ ಸಾಧನದೊಳಗೆ ಆ ಸಾಲಿನ ಫೇಸೂ ಹೋಗಬೇಕು, ಅದೇ ಸಾಲಿನ ನ್ಯೂಟ್ರಲ್ಲೂ ಹೋಗಬೇಕು. ನಮ್ಮ ಕಡೆ ಹಳೆಯ ಮನೆಗಳಲ್ಲಿ ವೈರು ಉಳಿಸಲು ಎರಡು ಮೂರು ಕೋಣೆಗೆ ಒಂದೇ ನ್ಯೂಟ್ರಲ್ ಎಳೆದಿರುತ್ತಾರೆ. ಒಂದು ಕೋಣೆಯ ಫ್ಯಾನಿಗೆ ಪಕ್ಕದ ಕೋಣೆಯ ನ್ಯೂಟ್ರಲ್ ಕೊಟ್ಟಿರುತ್ತಾರೆ. ಅಂಥ ಕಡೆ ಸಾಧನ ತಪ್ಪಾಗಿ ಬೀಳಬಹುದು. ಆರ್‌ಸಿಸಿಬಿ ಹಾಕಿದಾಗ ಪದೇ ಪದೇ ಬೀಳುತ್ತದೆ ಎಂದು ತೆಗೆಸಿಹಾಕಿದ ಎಷ್ಟೋ ಮನೆಗಳಲ್ಲಿ ನಾನು ಕಂಡ ಕಾರಣವೂ ಇದೇ. ಸಾಧನದ್ದು ತಪ್ಪಲ್ಲ, ನ್ಯೂಟ್ರಲ್ ಬೇರೆ ಮಾಡಬೇಕು.

ಮೊದಲು 500 ವೋಲ್ಟ್ ಮೆಗ್ಗರ್‌ನಿಂದ ವೈರಿನ ಇನ್ಸುಲೇಶನ್ ಅಳೆಯಿಸಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಸಾಲಿನ ವೈರು ಬದಲಿಸುವುದೇ ಮೇಲು. ಅಳೆಯುವಾಗ ಆರ್ಕ್ ಸಾಧನ, ಇನ್ವರ್ಟರ್, ಎಲ್‌ಇಡಿ ಬಲ್ಬುಗಳನ್ನು ಬಿಡಿಸಿರಬೇಕು, ಇಲ್ಲದಿದ್ದರೆ ಒಳಗಿನ ಚಿಪ್ಪು ಕೆಡುತ್ತದೆ. ಇದು ಪರ್ಮಿಟ್ ಇರುವ ವೈರ್‌ಮನ್ ಮಾಡುವ ಕೆಲಸ, ನೀವೇ ಕೈ ಹಾಕಬೇಡಿ.

ಡಿಬಿ ಬಾಕ್ಸಿನಲ್ಲಿ ಜಾಗ ಎಷ್ಟು ಬೇಕು?

ಮಾದರಿ ನೋಡಿ 1, 2 ಅಥವಾ 3 ಎಂಸಿಬಿ ಅಗಲದಷ್ಟು. ಹೊಸ ಮನೆಯವರು ಈಗ ಹಾಕದಿದ್ದರೂ ದೊಡ್ಡ ಡಿಬಿ ಹಾಕಿಸಿ, ನಾಲ್ಕಾರು ಜಾಗ ಖಾಲಿ ಬಿಡಿ. ಪ್ರತಿ ಸಾಲಿಗೂ ಅದರದೇ ನ್ಯೂಟ್ರಲ್ ಡಿಬಿವರೆಗೆ ತರಿಸಿ. ಈ ಎರಡು ಆಗಿದ್ದರೆ ಐದು ವರ್ಷ ಬಿಟ್ಟೂ ಅರ್ಧ ಗಂಟೆಯಲ್ಲಿ ಸಾಧನ ಕೂರಿಸಬಹುದು.

ಬೆಲೆ ಜಾಸ್ತಿ ಅಂತಾರಲ್ಲ?

ಹೌದು, ಎಂಸಿಬಿಗಿಂತ ಹಲವು ಪಟ್ಟು ಜಾಸ್ತಿ. ನಮ್ಮೂರ ಅಂಗಡಿಗಳಲ್ಲಿ ಇಟ್ಟಿರುವುದೂ ಕಡಿಮೆ, ಹೇಳಿ ತರಿಸಬೇಕಾಗುತ್ತದೆ. ಅದಕ್ಕೇ ಎಲ್ಲ ಸಾಲಿಗೂ ಹಾಕಿ ಎಂದು ಯಾರಿಗೂ ನಾನು ಒತ್ತಾಯ ಮಾಡುವುದಿಲ್ಲ. ಕೊಳ್ಳುವಾಗ ಮೈಮೇಲೆ ಐಇಸಿ 62606 ಎಂದು ಬರೆದಿದೆಯೇ ನೋಡಿ. 120 ವೋಲ್ಟಿನ ಅಮೆರಿಕದ ಮಾಲು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಎಂದು ತರಿಸಬೇಡಿ, ನಮ್ಮ 230 ವೋಲ್ಟಿಗೆ ಅದು ಆಗದು.

ಮಿಕ್ಸಿ, ಡ್ರಿಲ್, ಹೊಲಿಗೆ ಮಿಷನ್ ಹಾಕಿದರೆ ಸುಮ್ಮಸುಮ್ಮನೆ ಬೀಳುತ್ತದೆಯೇ?

ಕಾರ್ಬನ್ ಬ್ರಶ್ ಇರುವ ಮೋಟಾರಿನಲ್ಲಿ ಕಿಡಿ ಸಹಜ. ಸ್ವಿಚ್ ಒತ್ತಿದಾಗಲೂ ಒಂದು ಕ್ಷಣ ಕಿಡಿ ಬರುತ್ತದೆ. ಇವುಗಳಿಗೆ ಬೀಳಬಾರದು ಎಂದು ಮಾನಕದಲ್ಲೇ ಪರೀಕ್ಷೆ ಇದೆ. ಆದರೂ ಬ್ರಶ್ ತೀರಾ ಸವೆದ ಹಳೆಯ ಮಿಷನ್ನಿಗೆ ಒಮ್ಮೊಮ್ಮೆ ಬೀಳಬಹುದು. ಆಗ ಬ್ರಶ್ ಬದಲಿಸಿ ನೋಡಿ.

ಇನ್ವರ್ಟರ್ ಇರುವ ಮನೆಯಲ್ಲಿ ಎಲ್ಲಿ ಕೂರಿಸಬೇಕು?

ಇನ್ವರ್ಟರ್‌ನಿಂದ ಹೊರಡುವ ಸಾಲನ್ನು ಕಾಯಬೇಕಾದರೆ ಸಾಧನ ಇನ್ವರ್ಟರ್ ಆದ ಮೇಲೆ ಇರಬೇಕು. ಅದಕ್ಕೆ ಮೊದಲು ಇದ್ದರೆ, ಕರೆಂಟ್ ಹೋಗಿ ಬ್ಯಾಟರಿಯಲ್ಲಿ ಓಡುವಾಗ ಆ ಕೋಣೆಗೆ ಕಾವಲು ಇರುವುದಿಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್‌ನ ಅಲೆ ಮೊದಲೇ ಒರಟು, ಸಾಧನದ ಕೈಪಿಡಿಯಲ್ಲಿ ಅದಕ್ಕೆ ಒಪ್ಪಿಗೆ ಇದೆಯೇ ನೋಡಿ ಹಾಕಿ.

ಇಲಿ ಕಾಟಕ್ಕೆ ಇದು ಪರಿಹಾರವೇ?

ಸಿಂಧನೂರು, ಗಂಗಾವತಿ, ಕಾರಟಗಿ ಕಡೆ ಭತ್ತದ ಚೀಲ ಇರುವ ಮನೆಗಳಲ್ಲಿ ಈ ಪ್ರಶ್ನೆ ಜಾಸ್ತಿ. ಇಲಿ ಸಿಪ್ಪೆ ಕಡಿದು ತಾಮ್ರ ಬಿಟ್ಟ ಜಾಗದಲ್ಲಿ ಕಿಡಿ ಹಾಯ್ದರೆ ಸಾಧನ ಹಿಡಿಯುತ್ತದೆ, ಆದರೆ ಇಲಿ ಬರುವುದನ್ನು ಅದು ತಡೆಯದು. ಪೈಪಿನ ತುದಿ, ಬೋರ್ಡಿನ ಹಿಂದಿನ ತೂತು, ಮಾಳಿಗೆಯಲ್ಲಿ ವೈರು ಇಳಿಯುವ ಸಂದು ಇವನ್ನು ಸಿಮೆಂಟಿನಿಂದ ಮುಚ್ಚಿಸಿ. ಹೊರಗೆ ಬಿಟ್ಟ ವೈರಿಗೆ ಗಟ್ಟಿ ಪೈಪ್ ಹಾಕಿಸಿ.

ಸಾಧನ ಬಿದ್ದರೆ ನಾನು ಏನು ಮಾಡಬೇಕು?

ಮತ್ತೆ ಮತ್ತೆ ಎತ್ತಬೇಡಿ, ಇದೊಂದು ಮಾತು ಮನೆಯವರೆಲ್ಲರಿಗೂ ಹೇಳಿಡಿ. ಮೊದಲು ಆ ಸಾಲಿನ ಪ್ಲಗ್ಗುಗಳನ್ನೆಲ್ಲ ತೆಗೆಯಿರಿ, ಸ್ವಿಚ್ಚುಗಳನ್ನು ಆಫ್ ಮಾಡಿ. ಬೋರ್ಡುಗಳ ಹತ್ತಿರ ಮೂಸಿ ನೋಡಿ, ಕೈಯ ಹಿಂಬದಿಯನ್ನು ಬೋರ್ಡಿನ ಹತ್ತಿರ ತಂದು ಬಿಸಿ ಇದೆಯೇ ನೋಡಿ. ವಾಸನೆ, ಬಿಸಿ ಏನೂ ಇಲ್ಲದಿದ್ದರೆ ಒಮ್ಮೆ ಎತ್ತಿ. ನಿಂತರೆ ಒಂದೊಂದೇ ಸಾಮಾನು ಚುಚ್ಚಿ ನೋಡಿ. ಯಾವುದಕ್ಕೆ ಬೀಳುತ್ತದೋ ಅದರ ವೈರು, ಪ್ಲಗ್ಗು ನೋಡಿಸಬೇಕು. ಏನೂ ಚುಚ್ಚದೆ ಬಿದ್ದರೆ ತೊಂದರೆ ಗೋಡೆಯೊಳಗೆ ಇದೆ ಎಂದು ಹಿಡಿದು ಆ ಸಾಲನ್ನು ಆಫ್ ಮಾಡಿಯೇ ಇಡಿ. ಒಂದು ರಾತ್ರಿ ಸೆಕೆಯಲ್ಲಿ ಮಲಗಿದರೂ ಪರವಾಗಿಲ್ಲ, ಬೆಳಗ್ಗೆ ವೈರ್‌ಮನ್ ಬರಲಿ. ಅದರ ಮೇಲೆ ಇರುವ ಟೆಸ್ಟ್ ಗುಂಡಿಯನ್ನು ಕೈಪಿಡಿ ಹೇಳಿದಷ್ಟು ಸಲ ಒತ್ತಿ ನೋಡುತ್ತಿರಿ.

ಅಷ್ಟರಲ್ಲೇ ಹೊಗೆ, ಬೆಂಕಿ ಕಂಡರೆ?

ಮೇನ್ ಕೈಗೆ ಸಿಗುವಂತಿದ್ದರೆ ಆಫ್ ಮಾಡಿ. ಕರೆಂಟ್ ಇರುವ ಬೋರ್ಡಿಗೆ ನೀರು ಎರಚಬೇಡಿ. ಮಕ್ಕಳು, ಹಿರಿಯರನ್ನು ಹೊರಗೆ ಕರೆತಂದು 112ಕ್ಕೆ ಅಥವಾ 101ಕ್ಕೆ ಫೋನ್ ಮಾಡಿ. ಕಂಬದ ಲೈನ್ ಕಡಿಸಲು 1912. ಹತ್ತಿ ಒಟ್ಟಿರುವ ಕೋಣೆಯಾದರೆ ಹತ್ತಿ ಎಳೆದು ಉಳಿಸಲು ಒಳಗೆ ಹೋಗಲೇಬೇಡಿ. ಹತ್ತಿ ಮೇಲೆ ಆರಿದಂತೆ ಕಂಡರೂ ಒಳಗೆ ಹೊಗೆಯಾಡುತ್ತಾ ಇರುತ್ತದೆ, ಗಾಳಿ ಸಿಕ್ಕ ಕೂಡಲೇ ಮತ್ತೆ ಹೊತ್ತಿಕೊಳ್ಳುತ್ತದೆ.